ಸರೋವರದ ಕಡೆಯ ಕಿಟಕಿ

ಆ ಕಿಟಕಿಗೆ ಇಟ್ಟಿಗೆ ಕಟ್ಟಿಸಬೇಡ, ಆಗ್ರಿಸ್.
ನಕ್ಷೆ ಮಡಿಚಿಡು ಸ್ವಲ್ಪ ಹೊತ್ತು.
ನೀಲಿ ಬಾಣ ಬರೆದು
ಕಡಲ ಕಡೆಯಿಂದ ಗಾಳಿಯನ್ನು ಒಳಕ್ಕೆ ಕರೆದಿದ್ದೀಯ.
ಬರುತ್ತದೆ, ಬರದೆ ಏನು,
ಲಿಯೆಪಾಯದಲ್ಲಿ ಗಾಳಿಗೆ ಕರೆಯೋಲೆ ಬೇಕೆ?
ಆದರೆ ಅದರ ಮಡಿಲ ತುಂಬ ಉಪ್ಪು.
ಎಂಬತ್ತಾರರ ಚಳಿಗಾಲ, ಹೊಸ ಮೇಸ್ತ್ರಿಯೊಬ್ಬ
ನಿನ್ನ ಹಾಗೆಯೇ ಪಡುವಣ ತೆರೆಸಿದ.
ಹಿಮ ಕರಗುವ ಹೊತ್ತಿಗೆ
ನಾನೂರು ರೊಟ್ಟಿ ಅಚ್ಚು ತುಕ್ಕು ಹಿಡಿದು
ಉಗುರಲ್ಲಿ ಕೆರೆದರೆ ಪುಡಿ.
ನಿನ್ನ ಪೆಟ್ಟಿಗೆಗಳ ಹೊಟ್ಟೆಯೊಳಗಿನ ಕೂದಲೆಳೆ ತಂತಿಗಳು
ಎಷ್ಟು ಚಳಿಗಾಲ ತಾಳಿಯಾವು?

ಮೂಡಣದಿಂದ ತಾ, ಸರೋವರದ ಕಡೆಯಿಂದ.
ಜೊಂಡಿನ ಮೇಲೆ ಹಾದು ಬರುವ ಗಾಳಿ
ಚಪ್ಪಲಿ ಹೊರಗೆ ಕಳಚಿಟ್ಟೇ ಬರುತ್ತದೆ.

ಮೂವತ್ತೊಂದು ವರ್ಷ ಇಲ್ಲಿ ರಾತ್ರಿ ಪಾಳಿ ಮಾಡಿದವಳು ನಾನು.
ಮೂರು ಒಲೆ, ಒಂದೊಂದೂ ಲಾರಿಯಷ್ಟು.
ಅವನ್ನು ಹೊತ್ತ ನೆಲ ನಿನ್ನ ಕಪಾಟುಗಳಿಗೆ ಕುಸಿದೀತೆ?
ಆ ಲೆಕ್ಕಕ್ಕೆ ರೀಗಾದಿಂದ ಜನ ಕರೆಸಿ
ಹಣ ಸುಟ್ಟೆ.
ಈಗ ಚಿಮಣಿ ಕೆಡವುವ ಮಾತಂತೆ.
ಬಾ ಇಲ್ಲಿ. ಅದರ ಬಾಯಿಗೆ ಕೈ ಹಿಡಿ.
ಒಲೆ ಆರಿ ಹದಿನಾಲ್ಕು ವರ್ಷ,
ಇನ್ನೂ ಉಸಿರೆಳೆಯುತ್ತಿದೆ.
ನಿನ್ನ ಬಿಸಿಯನ್ನು ಅದಕ್ಕೊಪ್ಪಿಸು,
ಕರೆಂಟಿನ ಬಿಲ್ಲು ಕೇಳದೆ
ಹೊತ್ತು ಮೇಲೆ ಹೋಗುತ್ತದೆ.

ನಮ್ಮದೂ ಇದೇ ಕಸುಬಾಗಿತ್ತು, ಮಗಾ:
ಬಿಸಿಗೊಂದು ಓಣಿ, ತಂಪಿಗೊಂದು ಓಣಿ,
ನಡುವೆ ಗೋಣಿತಟ್ಟಿನ ಪರದೆ.
ನೀನು ಅಲ್ಲಿ ಪ್ಲಾಸ್ಟಿಕ್ ಬಾಗಿಲು ಬರೆದಿದ್ದೀಯ. ಸರಿ.
ಎರಡೂ ಬೆರೆತರೆ
ಹಿಟ್ಟೂ ಕೆಡುತ್ತಿತ್ತು, ಸೌದೆಯೂ ದಂಡ.

ನೀನು ಹೂಂ ಅನ್ನಲಿಲ್ಲ.
ಮರುದಿನ ನೋಡಿದರೆ ಬಾಣ ತಿರುಗಿತ್ತು.

ಈಗ ನಾನಿಲ್ಲಿ ಕಾವಲುಗಾತಿ.
ಹತ್ತು ತಿಂಗಳಿನಿಂದ ತಂಪು ಮಾಡುವ ಯಂತ್ರ
ಮೂಲೆಯಲ್ಲಿ ಕೆಲಸವಿಲ್ಲದ ಅಳಿಯನ ಹಾಗೆ ಕೂತಿದೆ.
ಮಿಕ್ಕ ಬಿಸಿ ಕೊಳವೆ ಹಿಡಿದು
ಆಚೆ ಬೀದಿಯ ಶಿಶುವಿಹಾರಕ್ಕೆ ನಡೆಯುತ್ತದೆ;
ಅಲ್ಲಿ ಒದ್ದೆ ಕೈಗವಸು ಸಾಲಾಗಿ ಒಣಗುತ್ತವೆ.
ಏನಿದೆ ಇವುಗಳೊಳಗೆ ಎಂದರೆ
ಎಲ್ಲವೂ, ಅಂದೆ.
ಯಾರದೋ ಮದುವೆ, ಯಾರದೋ ಆಸ್ಪತ್ರೆ ಚೀಟಿ, ತೆರಿಗೆ, ಜಗಳ.
ಇಷ್ಟು ಜನರ ಬದುಕು, ಒಂದಿಷ್ಟೂ ವಾಸನೆಯಿಲ್ಲ.
ಅದೇ ನನಗೆ ಒಗ್ಗುವುದಿಲ್ಲ.

ಅದಕ್ಕೇ ನಿನ್ನೆ ಒಂದು ತಪ್ಪು ಮಾಡಿದೆ.
ಅಜ್ಜಿಯ ಕಾಲದ ಮರದ ದೋಣಿ, ಹಿಟ್ಟು ಕಲಸುವಂಥದ್ದು,
ಎಂದೂ ಪೂರ್ತಿ ತೊಳೆಯದ್ದು,
ಹಳೆಯ ಹೆಪ್ಪು ಅದರ ಬಿರುಕಿನಲ್ಲೇ ವಾಸ.
ತಿಂಡಿ ಒಳಗೆ ತರಬಾರದೆಂದು ಬೋರ್ಡಿದೆ, ನೋಡಿದೆ.
ತಿಂಡಿಯಲ್ಲ ಇದು, ಇನ್ನೂ ಹಿಟ್ಟು.
ಒಂಬತ್ತನೆಯ ಸಾಲಿನ ಬೆನ್ನಿಗೆ, ಬಿಸಿ ಓಣಿಯಲ್ಲಿ ಇಟ್ಟೆ.
ಮೂವತ್ತನಾಲ್ಕು ಡಿಗ್ರಿ.
ನಾಲ್ಕು ಗಂಟೆಗೆ ಬಟ್ಟೆಯನ್ನು ತಲೆಯಲ್ಲಿ ಎತ್ತಿ ನೋಡುತ್ತಿತ್ತು
ಎದ್ದ ರೈ ಹಿಟ್ಟು.
ಓಣಿ ತುಂಬ ಹುಳಿ ವಾಸನೆ.

ಮನೆಯಲ್ಲಿ ಸುಟ್ಟು ನಿನಗೊಂದು ಅಂಚು ತಂದೆ.
ತರುವಾಗ ಕೈ ಜಾರಿ ಬಿಳಿ ನೆಲಕ್ಕೆ ಬಿತ್ತು.
ಎತ್ತಿ ಮುತ್ತಿಟ್ಟೆ.
ಬಿದ್ದ ರೊಟ್ಟಿಗೆ ನಮ್ಮಲ್ಲಿ ಹಾಗೆಯೇ.
ಮೇಲಿನ ಕ್ಯಾಮೆರಾ ಕಣ್ಣು ಮಿಟುಕಿಸಿತು.
ಅದನ್ನೂ ಎತ್ತಿಟ್ಟುಕೊಂಡಿರಬೇಕು ಎಲ್ಲೋ,
ಮೂರನೆಯ ಸಾಲಿನಲ್ಲೋ, ನಾಲ್ಕನೆಯದರಲ್ಲೋ,
ಒಬ್ಬ ಮುದುಕಿ ಬಗ್ಗಿದ್ದು.