ಷರಾ

ಏಳು ವರ್ಷಕ್ಕೊಮ್ಮೆ ಬಾಗಿಲು ಬಡಿಯುತ್ತಾರೆ,
ಗ್ರಹಚಾರದ ಹಾಗೆ, ಆದರೆ ಮೊದಲೇ ಫೋನು ಮಾಡಿ.

ಇದು ಎಂಟನೆಯ ಸಲ.
ಮೊದಲು ಬಂದವನು ಅಬಿಲಿಯು, ಬೆವರುವ ಹುಡುಗ.
ಸೆತೂಬಲಿನ ಸಾರ್ಡೀನ್ ಕಾರ್ಖಾನೆಯ ಗೇಟಿನಲ್ಲಿ
ಇಪ್ಪತ್ತೆರಡರ ನನ್ನನ್ನು ನಿಲ್ಲಿಸಿ ಕೇಳಿದ್ದ:
ಜೀವನ ತೃಪ್ತಿ ತಂದಿದೆಯೇ?
ಒಂದರಿಂದ ಏಳರೊಳಗೆ ಒಂದು ಅಂಕಿ ಹೇಳಿ.
ಕೈಯೆಲ್ಲ ಮೀನಿನ ವಾಸನೆ. ತಡವಾಗಿತ್ತು.
ಐದು ಅಂದೆ. ಅದು ನನ್ನ ಬಸ್ಸಿನ ನಂಬರು.

ಆಮೇಲಾಮೇಲೆ ಅವನಿಗೆ ಹೊಟ್ಟೆ ಬಂತು, ಕನ್ನಡಕ ಬಂತು,
ಐದನೆಯ ಸಲ ಉಬ್ಬಸ,
ಆರನೆಯ ಸಲ ಅವನ ಬದಲು ಒಂದು ಕಾಗದ.
ಅಳೆಯಲು ಬಂದವನಿಗೂ ವಯಸ್ಸಾಗುತ್ತದೆಂದು
ಯಾರೂ ಬರೆದುಕೊಳ್ಳಲಿಲ್ಲ.

ಇವತ್ತು ಬಂದವಳು ನೊಯೆಮಿಯಾ.
ಐವತ್ತೆರಡು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ
ನೀರು ಕೂಡ ಬೇಡ ಅನ್ನುತ್ತಾಳೆ.
ಹತ್ತು ಪದ ಓದುತ್ತಾಳೆ, ನೆನಪಿಡಿ, ಆಮೇಲೆ ಕೇಳುತ್ತೇನೆ:
ಗಡಿಯಾರ, ನಿಂಬೆ, ಸೇತುವೆ, ಉಣ್ಣೆ...

ಒಳಗೆ ನಿಮಗೆ ಎಷ್ಟು ವಯಸ್ಸು ಅನ್ನಿಸುತ್ತದೆ?
ಹೊಸ ಪ್ರಶ್ನೆ, ಅಬಿಲಿಯುವಿನ ಕಾಲದಲ್ಲಿರಲಿಲ್ಲ.
ಒಳಗೆ ಅಂದರೆ ಎಲ್ಲಿ, ಮಗಳೇ?
ಮೊಣಕಾಲಿನೊಳಗೆ ಎಂಬತ್ತೆಂಟು.
ಮೀನುಪೇಟೆಯಲ್ಲಿ ಚೌಕಾಸಿಗೆ ನಿಂತಾಗ ನಲವತ್ತು.
ಅಕ್ಕ ಗ್ರಾಸಾ ಫೋನು ಮಾಡಿ
ಸ್ವೆಟರ್ ಹಾಕ್ಕೊಂಡಿದ್ದೀಯೇನೇ ಅಂದಾಗ
ಒಂಬತ್ತು, ಮೂಗು ಸುರಿಯುವ ಒಂಬತ್ತು.
ಕನ್ನಡಿಯ ಮುಂದೆ ಹಲ್ಲುಜ್ಜುವಾಗ ಅಮ್ಮನ ವಯಸ್ಸು.
ಅವಳು ಅರವತ್ತಕ್ಕೇ ಹೋದಳು,
ಈಗ ನಾನೇ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು,
ಬೈಯಬಹುದು.

ಒಂದೇ ಅಂಕಿ ಬೇಕಂತೆ. ಐವತ್ತು ಅಂತ ಒತ್ತಿಸಿದೆ.

ಆಮೇಲೆ ಪರದೆ ತಿರುಗಿಸಿ ತೋರಿಸಿದಳು:
ಏಳು ಚುಕ್ಕಿ, ಪೋಣಿಸಿದ ಒಂದು ಗೆರೆ.
ಇಪ್ಪತ್ತೊಂಬತ್ತಕ್ಕೆ ತಗ್ಗು, ಮೂವತ್ತಾರಕ್ಕೆ ಏಕಾಏಕಿ ಏಳು,
ಮುಂದೆ ಆರು, ಆರು, ಆರು, ಆರು, ಸಮತಟ್ಟು ಬಯಲು.
ನೋಡಿ, ಇದು ನಿಮ್ಮ ಜೀವನದ ಶಿಖರ, ಅಂದಳು.

ಮೂವತ್ತಾರು.
ಬಾಗಿಲಾಚೆ ಜಸಿಂತು ಕೂತಿದ್ದ.
ಪೇಪರಿನ ಹಾಳೆ ಮಗುಚುವ ಸದ್ದು ನಿಂತುಹೋಗಿತ್ತು.
ಆಗಸ್ಟಿನ ಆ ಧಗೆಯಲ್ಲಿ
ನಾನು ಉದ್ದ ತೋಳಿನ ಅಂಗಿ ತೊಟ್ಟಿದ್ದೆ.
ಏಳು ಅಂದೆ, ಗೋಡೆಗೂ ಕೇಳುವಂತೆ.

ತಿದ್ದು, ಅಂದೆ. ಅದು ಒಂದು.
ಒಂದಕ್ಕಿಂತ ಕೆಳಗೆ ಏನಾದರೂ ಇದ್ದರೆ ಅದು.
ಹಳೆಯ ಉತ್ತರ ತಿದ್ದುವ ಹಾಗಿಲ್ಲವಂತೆ.
ಸಾವಿರದ ನೂರು ಜನರ ಗೆರೆಗಳ ಜೊತೆ
ನನ್ನ ಸುಳ್ಳೂ ಕಲೆತು ಸರಾಸರಿಯಾಗಿದೆ.
ಯಾವುದೋ ತರಗತಿಯಲ್ಲಿ ಯಾರದೋ ಮಕ್ಕಳು
ನಡುವಯಸ್ಸಿನ ನೆಮ್ಮದಿ ಎಂದು ಅಡಿಗೆರೆ ಎಳೆದಿದ್ದಾರೆ.

ನಗಬಾರದಿತ್ತು. ನಕ್ಕೆ.
ಹುಡುಗಿಗೆ ಗಾಬರಿ. ಕೊನೆಯಲ್ಲಿ ಷರಾ ಅಂತ ಒಂದು ಖಾನೆ ಇದೆ,
ಏನು ಬೇಕಾದರೂ ಬರೆಸಿ, ಆದರೆ ಎಣಿಸುವುದಿಲ್ಲ, ಅಂದಳು.
ಬರಿ ಹಾಗಾದರೆ:
ಅವನು ಸತ್ತ ಮೇಲೂ ಎರಡು ಸಲ ನಿಜ ಹೇಳಲಿಲ್ಲ.
ಅಭ್ಯಾಸ. ಈಗ ಬಿಟ್ಟುಹೋಗಿದೆ,
ಬ್ರೆಡ್ಡು ಕಚ್ಚುವಾಗ ಹಲ್ಲೊಂದು ತಾನಾಗಿ ಬಂದ ಹಾಗೆ, ನೋವಿಲ್ಲದೆ.
ಎರಡು ಹೆಬ್ಬೆರಳಿನಲ್ಲಿ ಬರೆದುಕೊಂಡಳು.

ಈ ವರ್ಷದ ಅಂಕಿ?
ಯೋಚಿಸಿದೆ,
ಯಾರೂ ಕದ್ದು ಕೇಳದ ಮನೆಯಲ್ಲಿ, ಸಾವಕಾಶವಾಗಿ.
ನಾಲ್ಕು.
ಗೆರೆ ದಡಕ್ಕನೆ ಕೆಳಗೆ ಬಿತ್ತು.
ಅವಳ ಕಣ್ಣಿಗೆ ಅದು ಮುಪ್ಪು.

ಮತ್ತೆ ಪದಗಳು. ಗಡಿಯಾರ. ಸೇತುವೆ. ಉಣ್ಣೆ. ನಿಂಬೆ.
ಆರು ಸಿಕ್ಕವು. ಏಳನೆಯದು ನಾಲಿಗೆ ತುದಿಯವರೆಗೆ ಬಂದು
ಚಿಲಕದ ಮೇಲೆ ಕೈಯಿಟ್ಟು ನಿಂತುಬಿಟ್ಟಿತು.
ನಿಮ್ಮ ವಯಸ್ಸಿಗೆ ತುಂಬ ಚೆನ್ನಾಗಿದೆ, ಅಂದಳು.
ಏಳು ವರ್ಷ ಬಿಟ್ಟು ಮತ್ತೆ, ಎಂದು ಶುರುಮಾಡಿ
ತಡವರಿಸಿ, ನೋಡೋಣ, ಅಂದಳು.

ಸಂಜೆ ಪಾತ್ರೆ ತೊಳೆಯುವಾಗ ಬಂತು: ಪೊರಕೆ.
ಒದ್ದೆ ಕೈಯಲ್ಲೇ ಕಿಟಕಿ ತೆರೆದೆ.
ಅವಳು ಆಗಲೇ ಲಿಸ್ಬನ್ನಿನ ರೈಲಿನಲ್ಲಿರಬೇಕು.
ಆದರೂ ಗಟ್ಟಿಯಾಗಿ, ಬೀದಿಗೆ ಕೇಳುವಂತೆ,
ಪೊರಕೆ! ಅಂದೆ.
ಎದುರು ಬಾಲ್ಕನಿಯ ನಾಯಿ
ಒಂದು ಕಿವಿ ಎತ್ತಿ, ಮತ್ತೆ ಮಲಗಿತು.