ಸರದ ಲೆಕ್ಕ

ಹಾಮೂನ್. ಜನವರಿ. ಹೊತ್ತು ಮೂಡಲು ಇನ್ನೂ ಒಂದು ಗಳಿಗೆ.
ನಾಲ್ಕು ವರ್ಷ ಬರೀ ಮರಳಾಗಿದ್ದ ಕೆರೆಗೆ
ಗಡಿಯಾಚೆಯ ಹೊಳೆ ಈ ಸಲ ಅದೇನು ನೆನೆದುಕೊಂಡಿತೋ,
ಮೊಣಕಾಲುದ್ದ ನೀರು ಕಳಿಸಿದೆ.

ಶಹಲಾ ಮುಕ್ಕಾಲಿಯ ಮೇಲೆ ದೂರದರ್ಶಕ ನಿಲ್ಲಿಸುತ್ತಾಳೆ.
ಇಲಾಖೆ ಕೊಟ್ಟ ಪಟ್ಟಿ, ಎರಡು ಪೆನ್ಸಿಲು,
ಈ ಚಳಿಗೆ ಪೆನ್ನು ಬರೆಯುವುದಿಲ್ಲ,
ಬೆರಳ ತುದಿ ಕತ್ತರಿಸಿದ ಕೈಗವಸು.
ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಬರಾತ್,
ನಲವತ್ತು ಚಳಿಗಾಲ ಇಲ್ಲೇ ಬಲೆ ಬೀಸಿದವನು.
ಅವನಿಗೆ ಗಾಜು ಬೇಡ.
ಕಣ್ಣು ಕಿರಿದು ಮಾಡಿ ಜೊಂಡಿನ ಸಂದಿ ನೋಡುತ್ತಾನೆ:
"ಹನ್ನೊಂದು ಸರ."

ಸರ ಅಂದರೆ?

ಕೊರಳಿಗೆ ಕೊರಳು ಸೇರಿಸಿ ಹುರಿಯಲ್ಲಿ ಪೋಣಿಸಿದ ಹತ್ತು ಹಕ್ಕಿ.
ಜಾಬೋಲಿನ ಸಂತೆಗೆ ಹಾಗೇ ಒಯ್ಯುತ್ತಿದ್ದರು, ಹೆಗಲಿಗೊಂದರಂತೆ,
ಬಿಸಿ ಆರದ ಪುಟ್ಟ ಎದೆಗಳು ಬೆನ್ನಿಗೆ ತಾಗುತ್ತ.
ಅವನಿಗೆ ಬೇರೆ ಎಣಿಕೆ ಬಾರದು.

ಅವಳು ಒಂದೊಂದಾಗಿ ಎಣಿಸುತ್ತಾಳೆ. ನೂರ ಏಳು.
ಮತ್ತೆ ಎಣಿಸುತ್ತಾಳೆ.
ಜೊಂಡಿನೊಳಗಿಂದ ಮೂರು
ಊಟಕ್ಕೆ ತಡವಾಗಿ ಬಂದ ನೆಂಟರ ಹಾಗೆ
ತಲೆ ತಗ್ಗಿಸಿ ಹೊರಬರುತ್ತವೆ.
ನೂರ ಹತ್ತು.

ಕಪ್ಪು ಮೈ, ಹಣೆಗೆ ಬಿಳಿ.
ಅವರ ಮಾತಿನಲ್ಲಿ ಏನನ್ನುವರೋ,
ನನ್ನ ಮಾತಿನಲ್ಲಿ ನಾಮದ ಕೋಳಿ.
ನಾಮ ಹಾಕಿದ್ದು ಯಾರು, ಯಾರಿಗೆ?
ಹಕ್ಕಿಗೆ ನೀರೋ, ನೀರಿಗೆ ಅಣೆಕಟ್ಟೋ,
ಬಲೆ ಸುತ್ತಿಟ್ಟು ಗಡಿಯಲ್ಲಿ ಡೀಸೆಲ್ ಡಬ್ಬ ಹೊತ್ತ ಹುಡುಗರಿಗೆ
ಈ ಕೆರೆಯೋ?

ಬರಾತನ ತೂತನ್, ಜೊಂಡು ಬಿಗಿದು ಕಟ್ಟಿದ ತೆಪ್ಪ,
ದಡದಿಂದ ಎರಡು ಮೈಲಿ ಈಚೆ ಬಿದ್ದಿದೆ.
ನೀರು ಅಲ್ಲಿತನಕ ಬರಲಿಲ್ಲ.
ಬೇಸಗೆಯ ನೂರಿಪ್ಪತ್ತು ದಿನದ ಗಾಳಿ
ಅದರ ಕಟ್ಟುಗಳನ್ನು ಬಿಡುವಾಗಿ ಬಿಚ್ಚಿದೆ.

"ಒಂದು ಅಳಿಸು," ಅನ್ನುತ್ತಾನೆ. "ಎಡಗಡೆ, ಕೊನೆಯದು.
ಮೈ ನೀರಿಗೆ ತೀರಾ ಇಳಿದಿದೆ. ನಾಳೆಗೆ ಇರುವುದಿಲ್ಲ."
"ಎಣಿಕೆ ಇವತ್ತಿನದು, ಚಾಚಾ."
"ಇವತ್ತಿನದೇ ಹೇಳಿದೆ."
ಪಟ್ಟಿಯಲ್ಲಿ ಅಂಥದ್ದಕ್ಕೊಂದು ಮನೆ ಇಲ್ಲ.
ಪೆನ್ಸಿಲು ಒಂದು ಕ್ಷಣ ಕಾಗದದ ಮೇಲೇ ನಿಲ್ಲುತ್ತದೆ,
ಆಮೇಲೆ ನೂರ ಹತ್ತು ಅಂತಲೇ ಬರೆಯುತ್ತದೆ.

ಅಷ್ಟರಲ್ಲಿ ಸೆಳೆವ ಹದ್ದಿನ ನೆರಳು. ಇಡೀ ಹಿಂಡು
ನೀರ ಮೇಲೆ ಓಡುತ್ತದೆ, ಪಟಪಟ ಪಟಪಟ,
ಹಾರಲೋ ಬೇಡವೋ ಅನ್ನುತ್ತ.
ಅದೂ ಓಡಿತೇ? ಇಬ್ಬರೂ ನೋಡಲಿಲ್ಲ.
ಅವಳು ಗಾಜು ಒರೆಸುತ್ತಿದ್ದಳು.
ಅವನು ತನ್ನ ಕೈ ನೋಡುತ್ತಿದ್ದ:
ಬಲೆ ಇಲ್ಲದೆಯೂ ಅದು ಅರ್ಧ ಎದ್ದಿತ್ತು.

ಜೀಪಿನ ಕಡೆ ನಡೆಯುವಾಗ
ಎರಡು ಸಲ ನಿಂತು ಬರಿಯ ಹೆಗಲನ್ನು ಸರಿಮಾಡಿಕೊಂಡ,
ಏನೋ ಜಾರುತ್ತಿರುವ ಹಾಗೆ.