ಪಟ್ಟಿಯಲ್ಲಿರದ ಪೆಟ್ಟಿಗೆ

ಮತ್ರಾದ ಮೀನುಪೇಟೆಯ ಹಿಂದೆ, ಬೋಳುಗುಡ್ಡದ ನೆರಳು
ನಾಲ್ಕೂವರೆಗೆ ಹಮ್ಮಬ್ಬನ ಒಲೆಯ ಮೇಲೆ ಬೀಳುತ್ತದೆ.
ನೆರಳು ಬಿದ್ದ ಮೇಲೆಯೇ ಬರುವವನು ರಿಡ್ಲಿ,
ಬಂದರಿನ ಕ್ರೇನುಗಳ ಹಳೇ ಇಂಜಿನಿಯರ್. ಸಕ್ಕರೆ ಮೂರು ಚಮಚ,
ಡಾಕ್ಟರಿಗೆ ಹೇಳಬೇಡ ಎಂದು ಒಂದು ಕಣ್ಣುಮಿಟುಕು.

ನಾನು ಪಕ್ಕದಂಗಡಿಯಲ್ಲಿ ಲುಂಗಿ, ಬೆಲ್ಟು ಮಾರುವವ.
ಇಬ್ಬರ ನಡುವೆ ಮಾತು ದಾಟಿಸುವುದಕ್ಕೆ
ದಿನಕ್ಕೊಂದು ಚಾ ಪುಕ್ಕಟೆ.

'ನಿಮಗೆ ಇದನ್ನು ಕಲಿಸಿದ್ದು ಯಾರು?'
ಏಲಕ್ಕಿ ಜಜ್ಜುತ್ತ ಹಮ್ಮಬ್ಬ ಕೇಳಿದ.
ರಿಡ್ಲಿ ಗಲ್ಲ ಎತ್ತಿ ಆಚೆಯ ಕೋಟೆ ತೋರಿಸಿದ:
'ಅದನ್ನು ಕಟ್ಟಿದವರ ಮಗಳು.'

ಮೊದಲು ಮದ್ದಿನಂತೆ ಮಾರುತ್ತಿದ್ದರಂತೆ ಲಂಡನ್ನಿನಲ್ಲಿ,
ತಲೆನೋವಿಗೆ, ಮಂಪರಿಗೆ, ಕಾಫಿ ಅಂಗಡಿಯ ಮೂಲೆಯಲ್ಲಿ.
ಆಮೇಲೆ ಪೋರ್ಚುಗಲ್ಲಿನಿಂದ ಬಂದಳು ರಾಜನ ಮದುಮಗಳು.
ಹಡಗಿಳಿದು, ಹೊಟ್ಟೆ ತೊಳಸಿ, ಒಂದು ಬಟ್ಟಲು ಚಾ ಕೇಳಿದಳಂತೆ;
ಇರಲಿಲ್ಲ. ಬಿಯರು ಕೊಟ್ಟರಂತೆ.
'ಕತೆಯೋ ಏನೋ. ನನ್ನಜ್ಜಿ ಹೇಳುತ್ತಿದ್ದಳು.'

'ವರದಕ್ಷಿಣೆ?'
'ಬೊಂಬಾಯಿ.'
ಸೌಟು ನಿಂತಿತು. 'ಊರೇ?'
'ಊರೇ.'

ಮೂವರು ತಂಗಿಯರ ಅಣ್ಣ ಹಮ್ಮಬ್ಬ.
ಲೋಟಕ್ಕೆ ನೂರು ಬೈಸಾದಂತೆ
ಇಪ್ಪತ್ತೆರಡು ವರ್ಷ ಹೊಯ್ದ ಚಾ ಪವನು ಪವನಾಗಿ ಗಟ್ಟಿಯಾಗಿ
ಉಳ್ಳಾಲದ ಮೂರು ಮನೆಗಳ ಕಪಾಟಿನಲ್ಲಿದೆ.
ಮೂರಕ್ಕೂ ಪಟ್ಟಿ ಇತ್ತು.

'ಚಾದ ಪೆಟ್ಟಿಗೆ ಪಟ್ಟಿಯಲ್ಲಿತ್ತೇ?'
'ಇರಲಿಕ್ಕಿಲ್ಲ. ಅವಳ ಬಟ್ಟೆಬರೆಯ ಜೊತೆ ಬಂದಿರಬೇಕು.'

ಭಾಷೆ ಬಾರದ ಅರಮನೆ. ಕಿಟಕಿಯ ಬಳಿ ಒಬ್ಬಳೇ
ಊದಿ ಊದಿ ಕುಡಿದಿರಬೇಕು.
ನೋಡಿ ನಕ್ಕವರು, ನೋಡಿ ಆಸೆಪಟ್ಟವರು,
ಅವರನ್ನು ನೋಡಿದ ದರ್ಜಿ, ದರ್ಜಿಯ ಹೆಂಡತಿ,
ಕುದಿಸಿದ ಎಲೆ ಒಣಗಿಸಿ ಹಿತ್ತಿಲಲ್ಲಿ ಮಾರಿದ ಅಡುಗೆಯವಳು,
ಸುಂಕ ತಪ್ಪಿಸಲು ಕತ್ತಲಲ್ಲಿ ಮೂಟೆ ಹೊತ್ತ ಬೆಸ್ತ,
ಗಿರಣಿಯ ಹುಡುಗ, ಒಣರೊಟ್ಟಿ ಅದ್ದಲು ಬಿಸಿಯಾದದ್ದೇನಾದರೂ ಬೇಕಾದವನು—
ರಿಡ್ಲಿ ಹೇಳುತ್ತಲೇ ಹೋದ. ನನ್ನ ಕನ್ನಡ ಹಿಂದೆ ಬಿತ್ತು.

ಹಮ್ಮಬ್ಬ ಆಗಲೇ ಕೇಳುವುದು ಬಿಟ್ಟಿದ್ದ.
'ಕಿರಿಯವಳು, ಝುಲೈಕಾ,' ಎಂದ, ನನಗಷ್ಟೇ,
'ಚಾದೊಳಗೆ ಒಂದು ಹರಳು ಉಪ್ಪು ಹಾಕಿ ಕುಡಿಯುವವಳು.
ಮೊದಮೊದಲು ಅತ್ತೆ ಬೈದರು, ಕಡಲ ನೀರು ಕುಡಿದು ಬೆಳೆದವಳಾ ಎಂದು.
ಹೋದ ರಂಜಾನಿಗೆ ಹೋಗಿದ್ದೆ.
ಈಗ ಆ ಮನೆಯಲ್ಲಿ ಎಲ್ಲರಿಗೂ ಉಪ್ಪು ಬೇಕು.
ಅತ್ತೆಗೂ.'

'ಏನಂದ?' ಎಂದ ರಿಡ್ಲಿ.
'ಸಕ್ಕರೆ ಸಾಕೇ ಅಂತ.'
'ಇನ್ನೊಂದು ಚಮಚ,' ಎಂದು ಲೋಟ ಒಡ್ಡಿದ.